ಪದಚರ್ಚೆ: ‘ಪೇಗನ್’ ಎಂಬುದಕ್ಕೆ ಕನ್ನಡದಲ್ಲಿ ಏನೆನ್ನಬೇಕು? ‘ನಡೆದುಕೊಳ್ಳು’ ಇಲ್ಲಿ ಒಗ್ಗುತ್ತದೆಯೇ?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರಗಳು.

ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ನಮ್ಮ ಪಕ್ಕದ ಮನೆಯಲ್ಲಿರುವ, ಶಾಲೆಯೊಂದರಲ್ಲಿ ದಾದಿಯಾಗಿದ್ದು ನಿವೃತ್ತರಾದ ಹಿರಿಯರೊಬ್ಬರು ತಮ್ಮ ವರ್ಷದ ಎಂಟು ಹಬ್ಬಗಳ ಬಗ್ಗೆ ಹತ್ತು ಪುಟ ಬರೆದುಕೊಟ್ಟಿದ್ದಾರೆ. ಇಲ್ಲಿನ ಕನ್ನಡಿಗರು ಯುಗಾದಿಗೆ ತರುವ ಸಂಚಿಕೆಗಾಗಿ ಅದನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿದೆ. ಅವರು ತಮ್ಮನ್ನು ಪೇಗನ್, ಎಂದರೆ ಕ್ರೈಸ್ತ ಮೊದಲಾದ ದೊಡ್ಡ ಮತಗಳ ಹೊರಗೆ ನಿಸರ್ಗವನ್ನೂ ಋತುಗಳನ್ನೂ ನೆಚ್ಚಿ ನಡೆಯುವ ಹಾದಿಯವಳು, ಎಂದು ಕರೆದುಕೊಳ್ಳುತ್ತಾರೆ. ಬರಿಯ ಪೇಗನ್ ಅಲ್ಲ, ಅದನ್ನು ದಿನದಿನವೂ ಆಚರಣೆಯಲ್ಲಿ ಇಟ್ಟುಕೊಂಡವಳು ಎಂದು ಮೊದಲ ವಾಕ್ಯದಲ್ಲೇ ಒತ್ತಿ ಹೇಳಿದ್ದಾರೆ. ಆ ಒಂದು ವಾಕ್ಯದ ಮುಂದೆಯೇ ನಾನು ಎರಡು ವಾರ ಕುಳಿತಿದ್ದೇನೆ. ಸಿಕ್ಕ ಪದಗಳೆಲ್ಲ ಅವರನ್ನು ಬೇರೆ ಯಾರೋ ಆಗಿ ಮಾಡಿಬಿಡುತ್ತಿರುವುದರಿಂದ ನಿಮ್ಮ ನೆರವು ಕೇಳುತ್ತಿದ್ದೇನೆ.

ಮೊದಲು ಪದದ ಹುಟ್ಟು. ‘ಪೇಗನ್’ ಲ್ಯಾಟಿನ್ನಿನ ‘ಪಾಗಾನುಸ್’ನಿಂದ ಬಂದದ್ದು. ‘ಪಾಗುಸ್’ ಎಂದರೆ ಹಳ್ಳಿಗಾಡಿನ ಸೀಮೆ. ಆ ಸೀಮೆಯವನು ‘ಪಾಗಾನುಸ್’. ರೋಮನ್ ಸೈನಿಕರ ಬಾಯಲ್ಲಿ ಅದಕ್ಕೆ ‘ಸೈನ್ಯಕ್ಕೆ ಸೇರದವನು’ ಎಂಬ ಅರ್ಥವೂ ಇತ್ತು; ನಾಲ್ಕನೆಯ ಶತಮಾನದಲ್ಲಿ ಕ್ರೈಸ್ತರು ಅದನ್ನು ‘ನಮ್ಮ ಮತಕ್ಕೆ ಸೇರದವನು’ ಎಂಬ ಅರ್ಥದಲ್ಲಿ ಬಳಸತೊಡಗಿದರು. ಹಳ್ಳಿಯವನೆಂಬ ಪದ ಬೈಗುಳದ ಕಡೆಗೆ ಜಾರುವುದು ನಮಗೇನೂ ಹೊಸತಲ್ಲ. ‘ಗ್ರಾಮ’ದ ಬಳ್ಳಿಯಲ್ಲೇ ಹುಟ್ಟಿ ಉತ್ತರದ ಭಾಷೆಗಳನ್ನು ಹಾದು ನಮ್ಮಲ್ಲಿಗೆ ಬಂದ ‘ಗಮಾರ’ ನಡೆದ ದಾರಿಯೂ ಇದೇ, ‘ಹಳ್ಳಿಗುಗ್ಗು’ವಿನಲ್ಲಿ ಹಳ್ಳಿ ಸೇರಿಕೊಂಡಿರುವುದೂ ಇದೇ ತಾತ್ಸಾರದಿಂದ. ಆದರೆ ‘ಪೇಗನ್’ ಇನ್ನೊಂದು ಹೆಜ್ಜೆ ಮುಂದೆ ಹೋಯಿತು: ಹಂಗಿಸಲು ಎಸೆದ ಹೆಸರನ್ನು ಇಪ್ಪತ್ತನೆಯ ಶತಮಾನದಲ್ಲಿ ಜನ ತಾವಾಗಿಯೇ ಎತ್ತಿಕೊಂಡು ತಮ್ಮ ಹೆಸರಾಗಿಸಿಕೊಂಡರು. ಹದಿನೇಳನೆಯ ಶತಮಾನದಲ್ಲಿ ಇದೇ ದೇಶದಲ್ಲಿ ‘ಕ್ವೇಕರ್’, ಎಂದರೆ ನಡುಗುವವರು, ಎಂಬ ಹಂಗಿಕೆ ಒಂದು ಪಂಥದ ಗೌರವದ ಹೆಸರಾದಂತೆ. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು 74,000 ಜನ ತಮ್ಮ ಧರ್ಮದ ಮುಂದೆ ‘ಪೇಗನ್’ ಎಂದೇ ಬರೆಸಿದ್ದಾರೆ. 2011ರಲ್ಲಿ ಆ ಸಂಖ್ಯೆ ಸುಮಾರು 57,000 ಇತ್ತು.

ಕನ್ನಡದಲ್ಲಿ ಈಗಾಗಲೇ ಓಡಾಡುತ್ತಿರುವ ಪದಗಳನ್ನು ಒಂದೊಂದಾಗಿ ಇಟ್ಟು ನೋಡಿದೆ. ‘ವಿಗ್ರಹಾರಾಧಕ’ ಎನ್ನೋಣವೆಂದರೆ ನಮ್ಮ ನೆರೆಯವರ ಮನೆಯಲ್ಲಿ ವಿಗ್ರಹವೇ ಇಲ್ಲ. ಅಡುಗೆಮನೆಯ ಕಿಟಕಿಯ ಕಟ್ಟೆಯ ಮೇಲೆ ಒಂದು ಮೇಣದಬತ್ತಿ, ಒಂದು ಬಟ್ಟಲು ನೀರು, ತೂತಿರುವ ಒಂದು ಬೆಣಚುಕಲ್ಲು ಇರುತ್ತವೆ. ಇವುಗಳ ಪಕ್ಕದಲ್ಲಿ ಕಾಲಕ್ಕೆ ತಕ್ಕಂತೆ ಬದಲಾಗುವ ಒಂದು ವಸ್ತು, ಈ ವಾರ ಓಕ್ ಮರದ ಮೂರು ಒಣ ಎಲೆ. ಕ್ರೈಸ್ತ ವೇದದ ಕನ್ನಡ ಅನುವಾದದಲ್ಲಿ ಬರುವ ‘ಅನ್ಯಜನರು’ ಒಳ್ಳೆಯ ಪದ, ಆದರೆ ಅದು ಹೊರಗೆ ನಿಂತವರು ಇನ್ನೊಬ್ಬರನ್ನು ಕರೆಯುವ ಪದ. ಯಾರೂ ‘ನಾನು ಅನ್ಯಳು’ ಎಂದು ತನ್ನ ಪರಿಚಯ ಮಾಡಿಕೊಳ್ಳಲಾರರು. ‘ನಾಸ್ತಿಕ’ ಪೂರ್ತಿ ತಪ್ಪು. ‘ಬಹುದೇವತಾರಾಧಕ’ ಕೆಲವರಿಗೆ ಸಲ್ಲುತ್ತದೆ, ಆದರೆ ಒಬ್ಬ ದೇವಿ ಒಬ್ಬ ದೇವ ಎನ್ನುವವರೂ ಯಾವ ದೇವರ ಹೆಸರನ್ನೂ ಎತ್ತದೆ ಕಾಲಗಳನ್ನಷ್ಟೇ ಕಾಣುವವರೂ ಅವರಲ್ಲಿದ್ದಾರೆ.

ಪತ್ರಿಕೆಗಳಲ್ಲಿ ಹೆಚ್ಚು ಕಾಣುವುದು ‘ಪ್ರಕೃತಿ ಆರಾಧಕ’. ನನ್ನ ಮೊದಲ ಕರಡಿನಲ್ಲಿಯೂ ಅದನ್ನೇ ಬರೆದಿದ್ದೆ. ಅದರ ಅರ್ಥವನ್ನು ಬಿಡಿಸಿ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆರಾಧಿಸುವವಳು ಎಂದರೆ ನಾನು ಎದುರಿಗೆ ನಿಂತು ಕೈಮುಗಿಯುವವಳು ಎಂದಾಗುತ್ತದಲ್ಲವೇ? ನಾನು ಬೇಲಿಯ ಮುಳ್ಳುಗಿಡವನ್ನು ಹೋಗಿ ಮಾತಾಡಿಸಿಕೊಂಡು ಬರುತ್ತೇನೆ, ಅಷ್ಟೇ’ ಎಂದರು. ಆ ಮಾತಿನ ಮೇಲೆ ಆ ಪದವನ್ನು ಹೊಡೆದುಹಾಕಿದೆ.

‘ಪ್ರಾಚೀನ ಧರ್ಮದವರು’, ‘ಮೂಲಧರ್ಮದವರು’ ಎಂಬ ಪದಗಳ ಬಗ್ಗೆ ಎಚ್ಚರ ಬೇಕು. ಬ್ರಿಟನ್ನಿನ ಇಂದಿನ ಪೇಗನ್ ಹಾದಿಗಳು ಹಳೆಯ ಹೆಸರು, ಹಳೆಯ ಕಥೆ, ಹಳೆಯ ಕಲ್ಲುಗಳನ್ನು ನೆಚ್ಚಿಕೊಂಡಿದ್ದರೂ ಅವು ರೂಪುಗೊಂಡದ್ದು ಕಳೆದ ಶತಮಾನದಲ್ಲಿ. ಮಲಯದಲ್ಲಿ ಸುಂಕದ ಅಧಿಕಾರಿಯಾಗಿದ್ದು ಊರಿಗೆ ಮರಳಿದ ಜೆರಾಲ್ಡ್ ಗಾರ್ಡ್ನರ್ ವಿಕ್ಕಾ ಎಂಬ ಪಂಥವನ್ನು ಬಹಿರಂಗಕ್ಕೆ ತಂದದ್ದು 1951ರಲ್ಲಿ ಬ್ರಿಟನ್ನಿನ ಹಳೆಯ ಮಾಟದ ಕಾಯಿದೆ ರದ್ದಾದ ಮೇಲೆ; ರಾಸ್ ನಿಕೋಲ್ಸ್ ತಮ್ಮ ಡ್ರೂಯಿಡ್ (ಹಳೆಯ ಕೆಲ್ಟ್ ಜನರ ಪುರೋಹಿತರ ಹೆಸರು ಹೊತ್ತ) ಬಳಗವನ್ನು ಕಟ್ಟಿದ್ದು 1964ರಲ್ಲಿ. ನಾಲ್ಕು ಅಯನ ವಿಷುವಗಳನ್ನೂ (ಸೂರ್ಯ ತಿರುಗುವ ಎರಡು ದಿನ, ಹಗಲು ರಾತ್ರಿ ಸಮವಾಗುವ ಎರಡು ದಿನ) ಅವುಗಳ ನಡುವೆ ಬರುವ ನಾಲ್ಕು ನಡುದಿನಗಳನ್ನೂ ಸೇರಿಸಿ ಎಂಟು ಅರಗಳ ಒಂದು ಚಕ್ರವಾಗಿಸಿದ್ದೂ ಈ ಕಾಲದಲ್ಲೇ. ಸೆಪ್ಟೆಂಬರಿನ ಹಬ್ಬಕ್ಕೆ ‘ಮೇಬನ್’ ಎಂಬ ಹೆಸರು ಬಿದ್ದದ್ದು 1970ರ ದಶಕದಲ್ಲಿ, ಅದೂ ಅಮೆರಿಕದಲ್ಲಿ. ಇದನ್ನು ನಮ್ಮ ನೆರೆಯವರು ಮುಚ್ಚಿಡುವುದಿಲ್ಲ. ತಮ್ಮದು ಹೊಸ ಹಾದಿ ಎಂದು ಬರೆದೇ ಇದ್ದಾರೆ. ಅವರೇ ಹೇಳಿಕೊಳ್ಳದ ಹಳಮೆಯನ್ನು ಅನುವಾದಕ ಅವರ ಮೇಲೆ ಹೊರಿಸಬಾರದು.

‘ಮಾಟಗಾತಿ’ ಎಂಬ ಪದದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಇಲ್ಲಿ ಹಲವರು ಆ ಅರ್ಥದ ಇಂಗ್ಲಿಷ್ ಪದವನ್ನು ಹೆಮ್ಮೆಯಿಂದ ಹೇಳಿಕೊಳ್ಳುವುದು ನಿಜ, ಆದರೆ ನಮ್ಮಲ್ಲಿ ಅದು ಇವತ್ತಿಗೂ ಹೆಂಗಸರ ಮೇಲೆ ಕಲ್ಲೆಸೆಯಲು ನೆಪವಾಗುವ ಪದ, ಮಾಟವನ್ನು ತಡೆಯಲು 2017ರಲ್ಲಿ ಕರ್ನಾಟಕ ಕಾಯಿದೆಯನ್ನೇ ಮಾಡಿದೆ. ಅವರನ್ನು ಆ ಹೆಸರಿನಿಂದ ಅಚ್ಚು ಹಾಕಿಸಲು ನನ್ನ ಕೈ ಬರುವುದಿಲ್ಲ. ‘ವಿಕ್ಕಾ’ ಹಾಗೆಯೇ ಉಳಿಯಲಿ.

ಹೀಗಾಗಿ ನಾಮಪದವನ್ನು ‘ಪೇಗನ್’ ಎಂದೇ ಇಟ್ಟು, ಜರ್ಮನ್ನರು, ರೋಮನ್ನರು ಎಂಬಂತೆ ‘ಪೇಗನ್ನರು’ ಎಂದು ಬಹುವಚನ ಮಾಡಿದ್ದೇನೆ. ‘ಪೇಗನ್ ಧರ್ಮ’ಕ್ಕಿಂತ ‘ಪೇಗನ್ ಹಾದಿ’ ವಾಸಿ ಎನ್ನಿಸುತ್ತದೆ, ಏಕೆಂದರೆ ಎಲ್ಲರೂ ಒಪ್ಪುವ ಒಂದು ಗ್ರಂಥವಾಗಲಿ ಒಬ್ಬ ಗುರುವಾಗಲಿ ಅವರಿಗಿಲ್ಲ, ಮತ್ತು ಅವರ ಮಾತಿನಲ್ಲಿಯೂ ‘ಹಾದಿ’ಯೇ ಹೆಚ್ಚು ಬರುತ್ತದೆ.

ನಿಜವಾದ ಕಗ್ಗಂಟು ಇರುವುದು ‘ಆಚರಣೆಯಲ್ಲಿ ಇಟ್ಟುಕೊಂಡವಳು’ ಎಂಬಲ್ಲಿ. ‘ಆಚರಿಸುವ’ ಎಂದರೆ ಹಬ್ಬದ ದಿನಕ್ಕಷ್ಟೇ ಸಲ್ಲುತ್ತದೆ. ‘ಪಾಲಿಸುವ’ ಎಂದರೆ ಯಾರೋ ವಿಧಿಸಿದ ನಿಯಮವಿದ್ದಂತೆ ಕೇಳಿಸುತ್ತದೆ. ‘ಅನುಯಾಯಿ’ ಎಂದೊಡನೆ ಮುಂದೆ ನಡೆಯುವವನೊಬ್ಬ ಬೇಕಾಗುತ್ತದೆ. ಆಗ ನೆನಪಾದದ್ದು ನಮ್ಮ ತರೀಕೆರೆ ಕಡೆಯ ಮಾತು. ನೆಂಟಸ್ತಿಕೆಯ ಮಾತು ಬಂದಾಗ ನಮ್ಮಜ್ಜಿ ಮೊದಲು ಕೇಳುತ್ತಿದ್ದದ್ದು, ‘ಅವರು ಯಾವ ದೇವರಿಗೆ ನಡ್ಕೊಳ್ತಾರೆ?’ ನಾವು ಅಂತರಘಟ್ಟಮ್ಮನಿಗೆ ನಡೆದುಕೊಳ್ಳುವವರು. ಆ ‘ನಡೆದುಕೊಳ್ಳು’ವಿನಲ್ಲಿ ನಂಬಿಕೆಯ ಪ್ರಶ್ನೆ ಹಿಂದಕ್ಕೆ ಸರಿದು, ವರ್ಷ ವರ್ಷ ಮಾಡುತ್ತ ಬರುವುದು ಮುಂದೆ ನಿಲ್ಲುತ್ತದೆ: ಜಾತ್ರೆಗೆ ಹೋಗುವುದು, ಮೊದಲ ಫಲ ಎತ್ತಿಡುವುದು, ಹರಕೆ ತೀರಿಸುವುದು, ಮರೆತರೆ ತಪ್ಪುಗಾಣಿಕೆ ಕಟ್ಟುವುದು. ಮನಸ್ಸಿನಲ್ಲಿ ಏನಿದೆ ಎಂದು ಯಾರೂ ಕೇಳುವುದಿಲ್ಲ, ನಡೆದುಕೊಂಡರೆ ಸಾಕು. ನಮ್ಮ ನೆರೆಯವರ ಹತ್ತು ಪುಟಗಳ ತಿರುಳೂ ಇದೇ. ಬೆಳಗ್ಗೆ ಎದ್ದು ಬಾಗಿಲು ತೆರೆದು ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡುವುದು, ಹುಣ್ಣಿಮೆಯ ರಾತ್ರಿ ಕಿಟಕಿಯ ನೀರನ್ನು ಬದಲಿಸುವುದು, ಆಗಸ್ಟಿನ ಮೊದಲ ದಿನ ಹೊಸ ಗೋಧಿಯ ಹಿಟ್ಟಿನಲ್ಲಿ ಜಡೆಯಂತೆ ಹೆಣೆದ ರೊಟ್ಟಿ ಸುಟ್ಟು ಮೊದಲ ತುಂಡನ್ನು ಮಣ್ಣಿಗೆ ಹಾಕುವುದು. ನಮ್ಮ ಕುಂದಾಪುರದವರು ‘ಹೊಸ್ತು’ ಎನ್ನುವುದು ಈ ಕೊನೆಯದಕ್ಕೆ ಬಲು ಹತ್ತಿರ.

ವ್ಯಾಕರಣದ ತೊಡಕೊಂದಿದೆ. ಚತುರ್ಥಿಯ ‘-ಗೆ’ ಇದ್ದಾಗ ಮಾತ್ರ ‘ನಡೆದುಕೊಳ್ಳು’ ಈ ಅರ್ಥ ಕೊಡುತ್ತದೆ, ಇಲ್ಲದಿದ್ದರೆ ‘ಸರಿಯಾಗಿ ನಡೆದುಕೊಂಡ’ ಎಂಬಲ್ಲಿಯಂತೆ ವರ್ತನೆಯ ಅರ್ಥಕ್ಕೆ ಹೊರಳುತ್ತದೆ. ಆ ‘-ಗೆ’ಯ ಮುಂದೆ ಒಂದು ದೇವರು ಬೇಕು. ಪೇಗನ್ನರಲ್ಲಿ ಅಲ್ಲಿ ಯಾರನ್ನು ಕೂರಿಸಬೇಕು? ‘ಋತುಮಾನಕ್ಕೆ ನಡೆದುಕೊಳ್ಳುವವಳು’ ಎಂದು ಬರೆದು ನೋಡಿದೆ. ‘ನಾನು ಪೇಗನ್, ಇಪ್ಪತ್ತಾರು ವರ್ಷಗಳಿಂದ ಋತುಮಾನಕ್ಕೆ ನಡೆದುಕೊಂಡು ಬಂದವಳು.’ ನನ್ನ ಕಿವಿಗೆ ಇದು ಹಿತವಾಗಿದೆ. ಆದರೆ ‘ಕಾಲಕ್ಕೆ ತಕ್ಕಂತೆ ನಡೆದುಕೊಳ್ಳುವವಳು’, ಎಂದರೆ ಗಾಳಿ ಬಂದತ್ತ ತಿರುಗುವವಳು, ಎಂದು ಯಾರಾದರೂ ಓದಿಕೊಂಡರೆ ಅರ್ಥ ತಲೆಕೆಳಗಾಗುತ್ತದೆ ಎಂಬ ಅಳುಕು ನನಗಿದೆ. ‘ಒಕ್ಕಲು’ ಎಂಬ ಇನ್ನೊಂದು ಪದವೂ ಮನಸ್ಸಿಗೆ ಬಂತು. ಮಂಜುನಾಥನ ಒಕ್ಕಲು, ತಿಮ್ಮಪ್ಪನ ಒಕ್ಕಲು ಎಂಬಲ್ಲಿ ದೇವರಿಗೆ ಸೇರಿದವರು ಎಂಬ ಅರ್ಥವೂ ನೆಲ ಉಳುವವರು ಎಂಬ ಅರ್ಥವೂ ಒಂದೇ ಪದದಲ್ಲಿ ಕೂಡಿಕೊಂಡಿವೆ. ‘ಪಾಗುಸ್’ನ ಹಳ್ಳಿಗಾಡಿಗೆ ಇದಕ್ಕಿಂತ ಹತ್ತಿರದ ಕನ್ನಡ ಪದ ಇರಲಾರದು. ಆದರೆ ಒಕ್ಕಲುತನ ಮನೆತನದಿಂದ ಬರುವಂಥದ್ದು, ಅವರದು ಆರಿಸಿಕೊಂಡ ಹಾದಿ. ಆದ್ದರಿಂದ ಅದನ್ನು ಬಿಟ್ಟೆ, ಮನಸ್ಸಿಲ್ಲದ ಮನಸ್ಸಿನಿಂದ.

ಹಬ್ಬಗಳ ಹೆಸರುಗಳಲ್ಲಿ ಯೂಲ್, ಇಂಬೋಲ್ಕ್, ಬೆಲ್ಟೇನ್, ಲ್ಯಾಮಸ್ ತೊಂದರೆ ಕೊಡಲಿಲ್ಲ. ಇಡೀ ಚಕ್ರವನ್ನು ‘ವರ್ಷಚಕ್ರ’ ಎಂದೆ. ‘ಋತುಚಕ್ರ’ ಈಗ ಹೆಣ್ಣಿನ ತಿಂಗಳ ಚಕ್ರಕ್ಕೆ ಗಟ್ಟಿಯಾಗಿ ಅಂಟಿಕೊಂಡಿದೆ. ತೊಂದರೆ ಬಂದದ್ದು ಅಕ್ಟೋಬರ್ 31ರ ಸಂಜೆ ಮೊದಲಾಗುವ, ತೀರಿಕೊಂಡವರನ್ನು ನೆನೆಯುವ ಹಬ್ಬದಲ್ಲಿ. ಐರಿಷ್ ಮೂಲದ ಆ ಹೆಸರಿನ (Samhain) ಅಕ್ಷರಗಳನ್ನು ನಂಬಿದರೆ ‘ಸಂಹೈನ್’ ಎಂದಾಗುತ್ತದೆ, ಅದು ತಪ್ಪು. ಬಾಯಲ್ಲಿ ಅದು ‘ಸಾವಿನ್’ಗೂ ‘ಸೌವಿನ್’ಗೂ ನಡುವಿನ ಸದ್ದು. ‘ಸಾವಿನ್ ಹಬ್ಬ’ ಎಂದು ಬರೆದರೆ ಕನ್ನಡಿಗರೆಲ್ಲ ಅದನ್ನು ‘ಸಾವಿನ ಹಬ್ಬ’ ಎಂದೇ ಓದಿ, ಹೆಸರನ್ನು ಅನುವಾದ ಎಂದು ತಿಳಿಯುತ್ತಾರೆ. ಬೇಸಗೆಯ ಕೊನೆ ಎಂದು ಅದಕ್ಕೆ ಅರ್ಥ ಹೇಳುವುದು ವಾಡಿಕೆ. ಐರಿಷ್ ಭಾಷೆಯಲ್ಲಿ ಇಂದಿಗೂ ನವೆಂಬರ್ ತಿಂಗಳಿಗೆ ಅದೇ ಹೆಸರು. ಆದ್ದರಿಂದ ‘ಸೌವಿನ್’ ಎಂದು ಬರೆಯುತ್ತಿದ್ದೇನೆ.

ಆ ರಾತ್ರಿ ನಾನೊಮ್ಮೆ ಅವರ ಮನೆಯಲ್ಲಿದ್ದೆ. ದೀಪಗಳನ್ನೆಲ್ಲ ಆರಿಸಿ, ಒಂದೇ ಮೇಣದಬತ್ತಿಯ ಬೆಳಕಿನಲ್ಲಿ ಮೇಜಿನ ಮೇಲೆ ಒಂದು ತಟ್ಟೆ ಹೆಚ್ಚಾಗಿ ಇಟ್ಟರು. ಪಕ್ಕದಲ್ಲಿ ಅವರ ತಾಯಿಯ ನೀಲಿ ಅಂಚಿನ ಬಟ್ಟಲು, ಅದರಲ್ಲಿ ಸಕ್ಕರೆ ಹಾಕದ ಚಹಾ. ತಟ್ಟೆಯಲ್ಲಿ ಬೆಣ್ಣೆ ಹಚ್ಚಿದ ಅರ್ಧ ತುಂಡು ರೊಟ್ಟಿ. ಊಟ ಮುಗಿಯುವವರೆಗೂ ಯಾರೂ ಮಾತಾಡಲಿಲ್ಲ. ಅನುವಾದದಲ್ಲಿ ‘ತಾಯಿಗೆ ಎಡೆ ಇಡುತ್ತಾರೆ’ ಎಂದು ಬರೆದೆ. ಮಹಾಲಯ ಅಮಾವಾಸ್ಯೆಯಂದು ಬಾಳೆಯೆಲೆಯ ಮೇಲೆ ತಾತನ ಬೀಡಿಕಟ್ಟನ್ನೂ ಇಟ್ಟು ಬಾಗಿಲು ಮುಂದೆ ಮಾಡಿ ಹೊರಗೆ ಕೂರುತ್ತಿದ್ದ ನಮಗೆ ಬೇರೆ ಪದ ತೋಚುವುದಾದರೂ ಹೇಗೆ? ಆದರೆ ಕರಡು ನೋಡಿದ ಸ್ನೇಹಿತರೊಬ್ಬರು, ಎಡೆಯೆಂದರೆ ನೈವೇದ್ಯ, ಇವರದು ಜೊತೆಗೆ ಕೂತು ಉಣ್ಣುವ ಊಟ, ಆದ್ದರಿಂದ ಪದ ಸಲ್ಲದು ಎಂದರು. ನಾನು ಒಪ್ಪಲಾರೆ. ‘ಎಡೆ’ಯ ಹಳೆಯ ಅರ್ಥ ಜಾಗ, ತಾವು. ಉಣ್ಣುವವರಿಗೆ ಒಂದು ಜಾಗ ಮಾಡುವುದೇ ಎಡೆ. ನೈವೇದ್ಯದ ಅರ್ಥ ಆಮೇಲೆ ಕೂಡಿಕೊಂಡದ್ದು. ಅವರು ಮಾಡಿದ್ದೂ ತಾಯಿಗೆ ಮೇಜಿನಲ್ಲಿ ಒಂದು ಜಾಗ. ಈ ಪದವನ್ನು ಬಿಟ್ಟುಕೊಡಲು ನನಗೆ ಇಷ್ಟವಿಲ್ಲ.

ಡಿಸೆಂಬರ್ 21 ಅಥವಾ 22ರ ಯೂಲ್ ಹಬ್ಬದ ವಿಷಯ. ವಾಡಿಕೆಯಂತೆ ‘ಉತ್ತರಾಯಣ ಆರಂಭ’ ಎಂದರೆ ಓದುಗರು ಸಂಕ್ರಾಂತಿಯ ಎಳ್ಳುಬೆಲ್ಲಕ್ಕೆ, ಜನವರಿ 14–15ಕ್ಕೆ, ಹೋಗಿಬಿಡುತ್ತಾರೆ. ಅಯನಾಂಶದ (ನಕ್ಷತ್ರಗಳ ಲೆಕ್ಕಕ್ಕೂ ಋತುಗಳ ಲೆಕ್ಕಕ್ಕೂ ನಡುವೆ ಬೆಳೆದ ಅಂತರದ) ದೆಸೆಯಿಂದ ನಮ್ಮ ಪಂಚಾಂಗದ ಮಕರ ಸಂಕ್ರಾಂತಿ ಸೂರ್ಯನ ನಿಜವಾದ ತಿರುವಿನಿಂದ ಮೂರು ವಾರಕ್ಕೂ ಹೆಚ್ಚು ದೂರ ಸರಿದಿದೆ. (ಇವರಿಗೂ ಇಂಥದ್ದೇ ಒಂದು ಪಾಡಿದೆ: 1752ರಲ್ಲಿ ಬ್ರಿಟನ್ ತನ್ನ ಕ್ಯಾಲೆಂಡರಿನಿಂದ ಹನ್ನೊಂದು ದಿನ ತೆಗೆದುಹಾಕಿದ್ದರಿಂದ ಬೆಲ್ಟೇನ್ ಹಬ್ಬದ ಹೂವೆನಿಸಿದ ಹಾಥಾರ್ನ್ ಮೇ 1ಕ್ಕೆ ಎಷ್ಟೋ ಸಲ ಅರಳಿಯೇ ಇರುವುದಿಲ್ಲ. ನಮ್ಮ ನೆರೆಯವರು ತಾರೀಖನ್ನು ಬಿಟ್ಟು ಹೂವಿಗಾಗಿ ಕಾಯುತ್ತಾರೆ.) ಪಠ್ಯಪುಸ್ತಕದ ‘ಮಕರ ಅಯನ’ ಅರ್ಥವಾಗುತ್ತದೆ, ಮೈಗೆ ತಾಗುವುದಿಲ್ಲ. ಅದಕ್ಕೆ ಕಾರಣವೂ ಇದೆ: ಬೆಂಗಳೂರಿನಲ್ಲಿ ವರ್ಷದ ಅತಿ ದೊಡ್ಡ ಹಗಲಿಗೂ ಅತಿ ಸಣ್ಣ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ, ಇಲ್ಲಿ ಹಗಲು ಚಳಿಗಾಲದಲ್ಲಿ 8 ಗಂಟೆಗೂ ಕಡಿಮೆ, ಬೇಸಗೆಯಲ್ಲಿ 16 ಗಂಟೆಗೂ ಹೆಚ್ಚು. ನಾಲ್ಕು ಗಂಟೆಗೆಲ್ಲ ಸೂರ್ಯ ಮುಳುಗುವ ಊರಿನಲ್ಲಿ ಬೆಳಕು ಹಿಂದಿರುಗುವ ದಿನಕ್ಕೆ ಹಬ್ಬ ಬೇಕೇ ಬೇಕು. ನಮಗೆ ಆ ದಿನಕ್ಕೊಂದು ಮನೆಮಾತು ಬೇಕೆನ್ನಿಸಿರಲಿಲ್ಲ. ‘ಕಿರುಹಗಲು’, ‘ನಿಡುಹಗಲು’ ಎಂದು ಎರಡು ಪದ ಮಾಡಿಕೊಂಡಿದ್ದೇನೆ: ‘ಕಿರುಹಗಲಿನ ಮರುದಿನ ನಸುಕಿನಲ್ಲಿ ಎದ್ದು ಗುಡ್ಡ ಹತ್ತುತ್ತೇನೆ.’

ಇವುಗಳಲ್ಲಿ ನನಗೆ ಮುಖ್ಯವಾದದ್ದು ‘ನಡೆದುಕೊಳ್ಳು’. ಧಾರವಾಡ, ಕಲಬುರಗಿ, ಕರಾವಳಿಯ ಕಡೆಯವರು ದಯವಿಟ್ಟು ತಿಳಿಸಬೇಕು: ದೇವರನ್ನು ಬಿಟ್ಟು ಹೊಲಕ್ಕೋ ಮರಕ್ಕೋ ಹುತ್ತಕ್ಕೋ ಹೊಳೆಗೋ ‘ನಡೆದುಕೊಳ್ಳುವುದು’ ಎಂಬ ಬಳಕೆಯನ್ನು ನಿಮ್ಮ ಮನೆಯ ಹಿರಿಯರ ಬಾಯಲ್ಲಿ ಕೇಳಿದ್ದೀರಾ? ಕೇಳಿದ್ದರೆ ಆ ವಾಕ್ಯವನ್ನು, ಸಾಧ್ಯವಾದಷ್ಟು ಅವರು ಆಡಿದಂತೆಯೇ, ಬರೆದು ಕಳಿಸಿ. ಸಂಚಿಕೆ ಅಚ್ಚಿಗೆ ಹೋಗುವ ಮೊದಲು ಆ ಮೊದಲ ವಾಕ್ಯವನ್ನು ಅವರ ಅಡುಗೆಮನೆಯಲ್ಲಿ ಕೂತು ಕನ್ನಡದಲ್ಲಿ ಓದಿ, ಪದಪದದ ಅರ್ಥ ಬಿಡಿಸಿ ಹೇಳುತ್ತೇನೆಂದು ಮಾತು ಕೊಟ್ಟಿದ್ದೇನೆ.

ವಂದನೆಗಳೊಂದಿಗೆ.