ಅಪ್‌ಡೇಟ್: ಎಂಬ್ರಾಯ್ಡರಿ ಮೆಷಿನ್‌ನಲ್ಲಿ ದಾರ ಗಂಟಾಗುವುದು ನಿಂತಿತು

ಹತ್ತು ದಿನದ ಹಿಂದೆ ಕೇಳಿದ್ದೆನಲ್ಲ, ಹೊಸ ಎಂಬ್ರಾಯ್ಡರಿ ಮೆಷಿನ್‌ನಲ್ಲಿ ಬಟ್ಟೆಯ ಅಡಿಗೆ ದಾರ ಗಂಟುಗಂಟಾಗುತ್ತದೆ, ಮಗಳ ಟೀ ಶರ್ಟ್ ಮೇಲೆ ಹಾಕಿದ ಹೂವು ಸುಕ್ಕಾಗುತ್ತದೆ ಅಂತ. ಎರಡೂ ಸರಿಹೋಯಿತು!

ಗಂಟು ಕಾಣುವುದು ಕೆಳಗೆ, ಆದರೆ ತಪ್ಪು ಇದ್ದದ್ದು ಮೇಲಿನ ದಾರದಲ್ಲಿ. ನನಗಂತೂ ಇದು ಆಶ್ಚರ್ಯ. ನಾನು ಪ್ರೆಸರ್ ಫುಟ್ (ಬಟ್ಟೆಯನ್ನು ಒತ್ತಿ ಹಿಡಿಯುವ ಪಾದ) ಇಳಿಸಿಟ್ಟೇ ದಾರ ಪೋಣಿಸುತ್ತಿದ್ದೆ. ಆಗ ದಾರವನ್ನು ಬಿಗಿಯಾಗಿ ಹಿಡಿಯುವ ಟೆನ್ಷನ್ ಬಿಲ್ಲೆಗಳು ಮುಚ್ಚಿರುತ್ತವೆ, ದಾರ ಅವುಗಳ ನಡುವೆ ಕೂರುವುದೇ ಇಲ್ಲ. ಫುಟ್ ಎತ್ತಿ ಪೋಣಿಸಿ ಅಂದವರಿಗೆ ತುಂಬಾ ಥ್ಯಾಂಕ್ಸ್. ಮೊದಲ ಸಲಕ್ಕೇ ಸರಿಯಾಯಿತು. ಕೆಳಗಿನ ದಾರದ ಬಾಬಿನ್ ಸ್ಕ್ರೂ ಬಿಗಿ ಮಾಡಿದ್ದರಿಂದ ಏನೂ ಆಗಲಿಲ್ಲ, ಮತ್ತೆ ಮೊದಲಿನಂತೆ ಮಾಡಿಟ್ಟೆ.

ಸುಕ್ಕಿಗೆ, ಬಟ್ಟೆಯ ಹಿಂದೆ ಆಧಾರಕ್ಕೆ ಇಟ್ಟು ಹೊಲಿದ ಮೇಲೆ ಹರಿದು ತೆಗೆಯುವ ಪೇಪರ್ ಎರಡು ಪದರ ಹಾಕಿದರೂ ಸಾಲಲಿಲ್ಲ. ಹಿಗ್ಗುವ ಬಟ್ಟೆಗೆ ಕಟ್-ಅವೇ ಸ್ಟೆಬಿಲೈಸರೇ (ಸುತ್ತ ಹೆಚ್ಚಾದದ್ದನ್ನು ಮಾತ್ರ ಕತ್ತರಿಸುವ ಆಧಾರದ ಹಾಳೆ) ಬೇಕು, ಅದು ಹೊಲಿಗೆಯ ಹಿಂದೆ ಹಾಗೇ ಉಳಿಯುತ್ತದೆ. ಇಲ್ಲಿ ಪುಣೆಯ ರವಿವಾರ ಪೇಠೆಯಲ್ಲಿ ಸಿಕ್ಕಿತು. ಅಂಗಡಿಯವರು ಸೊಲ್ಲಾಪುರದ ಕಡೆಯವರು, ಕನ್ನಡದಲ್ಲೇ ವಿವರಿಸಿದರು, ಖುಷಿಯಾಯಿತು. 75/11 ಸೈಜಿನ, ತುದಿ ದುಂಡಗಿರುವ ಬಾಲ್‌ಪಾಯಿಂಟ್ ಸೂಜಿಯನ್ನೂ ಅವರೇ ಕೊಟ್ಟರು. ಹೂಪಿಗೆ (ಬಟ್ಟೆ ಹಿಡಿಯುವ ಚೌಕಟ್ಟಿಗೆ) ಹಾಕುವಾಗ ಬಟ್ಟೆಯನ್ನು ಜಾಸ್ತಿ ಎಳೆಯಬೇಡಿ, ಬಿಚ್ಚಿದ ಮೇಲೆ ಅದೇ ಸುಕ್ಕಾಗುತ್ತದೆ.

ನಿನ್ನೆ ಮಗಳು ಅದೇ ಟೀ ಶರ್ಟ್ ಹಾಕಿಕೊಂಡು ಪಿಕ್ನಿಕ್‌ಗೆ ಹೋದಳು.