ಹೇಟ್-ಆಶ್ಬರಿಯಲ್ಲಿ ಬಾಡಿಗೆ ಮನೆ ಹಿಡಿಯಬಹುದೇ?

ಪ್ರಶ್ನೆ (ಹೊಸ ಬಾಡಿಗೆದಾರ):
1960ರ ದಶಕದ ಹಿಪ್ಪಿಗಳ ನೆಲೆಯೆಂದು ಹೆಸರಾದ ಸ್ಯಾನ್ ಫ್ರಾನ್ಸಿಸ್ಕೊದ ಹೇಟ್-ಆಶ್ಬರಿ ಬಡಾವಣೆಯಲ್ಲಿ, ಪೇಜ್ ಬೀದಿಯ ಹಳೆಯ ವಿಕ್ಟೋರಿಯನ್ ಮನೆಯೊಂದರ ಮೇಲ್ಮಹಡಿ ನಮಗೆ ಬಾಡಿಗೆಗೆ ಸಿಗುವಂತಿದೆ. ಜುಲೈನಲ್ಲಿ ಅಪ್ಪ-ಅಮ್ಮ ಮೈಸೂರಿನಿಂದ ಬಂದು ಐದು ತಿಂಗಳು ನಮ್ಮೊಡನೆ ಇರುತ್ತಾರೆ. ಹತ್ತಿರದ ಫ್ರೀಮಾಂಟ್ ಊರಿನ ಸ್ನೇಹಿತರು ‘ಗಾಂಜಾ ಹೊಗೆಯ ನಡುವೆ ಸಂಸಾರ ಹೂಡುತ್ತೀರಾ?’ ಎಂದು ನಗುತ್ತಾರೆ. ಬಾಡಿಗೆಯ ಮೊತ್ತ ನೋಡಿದರೆ ಹಿಪ್ಪಿಗಳಿಗೂ ಆ ಬಡಾವಣೆಗೂ ಯಾವ ನಂಟೂ ಉಳಿದಂತೆ ತೋರುವುದಿಲ್ಲ. ಅಲ್ಲಿನ ದಿನನಿತ್ಯದ ಬದುಕು ಹೇಗಿದೆ, ಬಾಡಿಗೆ ವರ್ಷ ವರ್ಷವೂ ಏರುತ್ತಲೇ ಹೋಗುತ್ತದೆಯೇ ಎಂಬುದನ್ನು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1 (ಕೋಲ್ ಬೀದಿಯ ನಿವಾಸಿ):
ಹದಿನೇಳು ವರ್ಷಗಳಿಂದ ಇಲ್ಲಿ ಬಾಡಿಗೆಗಿದ್ದೇನೆ. ನಿಮ್ಮ ಎರಡನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಇಲ್ಲಿ ಉಳಿದುದೆಲ್ಲ ಅದರ ಮೇಲೆ ನಿಂತಿದೆ. 1979ರ ಜೂನ್ 13ಕ್ಕೆ ಮುಂಚೆ ಕಟ್ಟಿ ವಾಸಕ್ಕೆ ಒಪ್ಪಿಗೆ ಪಡೆದ, ಹಲವು ಮನೆಗಳುಳ್ಳ ಕಟ್ಟಡವಾದರೆ, ನಗರದ ಬಾಡಿಗೆ ನಿಯಂತ್ರಣ ಕಾಯಿದೆಯಂತೆ ವರ್ಷದ ಏರಿಕೆಯು ಗ್ರಾಹಕ ಬೆಲೆ ಸೂಚ್ಯಂಕದ ಏರಿಕೆಯ ಶೇ. 60ನ್ನು ಮೀರುವಂತಿಲ್ಲ. ಆದರೆ ಹಳಬರು ತಾವಾಗಿ ಖಾಲಿ ಮಾಡಿದೊಡನೆ ಹೊಸಬರಿಂದ ಮಾರುಕಟ್ಟೆಯ ದರವನ್ನು ಕೇಳಲು 1995ರ ಕೋಸ್ಟಾ-ಹಾಕಿನ್ಸ್ ಎಂಬ ರಾಜ್ಯ ಕಾಯಿದೆ ಮಾಲೀಕರಿಗೆ ಅವಕಾಶ ಕೊಟ್ಟಿದೆ. ಆದ್ದರಿಂದ ಒಂದೇ ಮೆಟ್ಟಿಲು ಹತ್ತುವವರ ನಡುವೆ ಅಜಗಜಾಂತರವಿರುತ್ತದೆ. ನಮ್ಮ ಕೆಳಮನೆಯ ವೃದ್ಧೆ 1980ರ ದಶಕದಲ್ಲಿ ಬಂದವರು. ನಾನು ಕೊಡುವುದರ ಮೂರನೆಯ ಒಂದು ಭಾಗವನ್ನೂ ಅವರು ಕೊಡುವುದಿಲ್ಲ. ಅವರು ಕದಲುವುದಿಲ್ಲ, ಕದಲಲಾರರು ಕೂಡ, ಏಕೆಂದರೆ ಇದೇ ಊರಿನಲ್ಲಿ ಇನ್ನೊಂದು ಮನೆ ಅವರ ಕೈಗೆಟುಕುವುದಿಲ್ಲ. ಹಳೆಯ ಹೇಟ್ ಎಂದು ಏನಾದರೂ ಉಳಿದಿದ್ದರೆ ಅದು ಇಂಥವರಲ್ಲಿದೆಯೇ ಹೊರತು ಬಣ್ಣಬಣ್ಣದ ಅಂಗಿ ಮಾರುವ ಅಂಗಡಿಗಳಲ್ಲಿಲ್ಲ.

ನಿಮ್ಮ ಮನೆ ಪ್ರತ್ಯೇಕವಾಗಿ ಮಾರಾಟವಾದ ಕಾಂಡೊ (ಕಟ್ಟಡದೊಳಗೆ ತನ್ನದೇ ಒಡೆತನವುಳ್ಳ ಬಿಡಿ ಮನೆ) ಆಗಿದ್ದರೆ ಈ ಮಿತಿ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಸಹಿ ಮಾಡುವ ಮುನ್ನ ಅದನ್ನು ಕೇಳಿ ತಿಳಿಯಿರಿ. ಗದ್ದಲವೆಲ್ಲ ಹೇಟ್ ಬೀದಿಯದು, ಒಂದು ಬೀದಿ ಆಚೆಗೆ ರಾತ್ರಿ ಶಾಂತವಾಗಿರುತ್ತದೆ. ಪೇಟೆಗೆ 7ನೆಯ ನಂಬರಿನ ಬಸ್ಸಿದೆ. ಹಿರಿಯರಿಗೆ ಸ್ವೆಟರ್ ತರಲು ಹೇಳಿ: ಜುಲೈನ ಸಂಜೆ ಸಮುದ್ರದ ಮಂಜು ಬೀದಿಗೇ ಇಳಿಯುತ್ತದೆ.

ಉತ್ತರ 2 (ಇಲ್ಲಿಂದ ಸನ್ಸೆಟ್ ಬಡಾವಣೆಗೆ ಹೋದವಳು):
ಮೇಲಿನವರ ಮಾತು ಸರಿ, ಆದರೆ ಆ ರಕ್ಷಣೆ ಪೂರ್ಣವೆಂದು ಭಾವಿಸಬೇಡಿ. ಬಾಡಿಗೆಯ ವ್ಯವಹಾರವನ್ನೇ ಕೈಬಿಡುತ್ತೇನೆಂದು ಕಟ್ಟಡದ ಎಲ್ಲರನ್ನೂ ಬಿಡಿಸಲು 1985ರ ಎಲ್ಲಿಸ್ ಕಾಯಿದೆ ಮಾಲೀಕನಿಗೆ ಹಕ್ಕು ಕೊಡುತ್ತದೆ. ಒಂಬತ್ತು ವರ್ಷ ಬಾಳಿದ ಮನೆಯನ್ನು ನಾವು ಬಿಟ್ಟದ್ದು ಹಾಗೆಯೇ.

ನಿಮ್ಮ ಸ್ನೇಹಿತರಿಗೆ ಒಂದು ಮಾತು. ಹಿಪ್ಪಿಗಳು ಇಲ್ಲಿಗೆ ಬರಲು ಅಗ್ಗದ ಬಾಡಿಗೆಯೂ ಒಂದು ದೊಡ್ಡ ಕಾರಣ. ಪ್ಯಾನ್‌ಹ್ಯಾಂಡಲ್ ಉದ್ಯಾನವನ್ನು ಸೀಳಿ ಹೆದ್ದಾರಿ ಹಾಯಿಸುವ ಯೋಜನೆಯ ನೆರಳು ವರ್ಷಗಟ್ಟಲೆ ಬಡಾವಣೆಯ ಮೇಲಿತ್ತು, ಹಲವು ದೊಡ್ಡ ಮನೆಗಳು ಬಿಡಿ ಬಿಡಿ ಬಾಡಿಗೆ ಮನೆಗಳಾಗಿ ಒಡೆದಿದ್ದವು. ನಿವಾಸಿಗಳ ಹೋರಾಟದಿಂದ 1966ರಲ್ಲಿ ಹೆದ್ದಾರಿ ತಪ್ಪಿತು. ಉಳಿದ ಆ ಮರಗಳೂ ಮನೆಗಳೂ ಈಗ ಬೆಲೆಯನ್ನು ಏರಿಸಿವೆ. ಅದೇ ಉದ್ಯಾನದಲ್ಲಿ ಡಿಗ್ಗರ್ಸ್ ಎಂಬ ಗುಂಪು ಯಾರು ಬಂದರೂ ಉಚಿತವಾಗಿ ಊಟ ಬಡಿಸುತ್ತಿತ್ತು, ನಮ್ಮ ಮಾತಿನಲ್ಲಿ ದಾಸೋಹ. 1967ರಲ್ಲಿ ಯುವಜನರು ಪ್ರವಾಹದಂತೆ ನುಗ್ಗಿ ಬಂದಾಗ ಉಚಿತ ಚಿಕಿತ್ಸಾಲಯವೂ ತೆರೆಯಿತು. ಅದೇ ವರ್ಷ ಇಲ್ಲಿಯ ಫ್ರೆಡರಿಕ್ ಬೀದಿಯಲ್ಲಿ ರಾಧಾಕೃಷ್ಣ ಮಂದಿರ ಆರಂಭವಾಗಿ, ಆ ಭಕ್ತರು ಊರಿನಲ್ಲಿ ರಥಯಾತ್ರೆಯನ್ನೂ ನಡೆಸಿದರೆಂದು ನಿಮ್ಮ ತಾಯಿಯವರಿಗೆ ಹೇಳಿ, ಅವರಿಗೆ ಹಿಡಿಸಬಹುದು. ಅಕ್ಟೋಬರ್ ಬರುವಷ್ಟರಲ್ಲಿ ಇಲ್ಲಿಯವರೇ ‘ಹಿಪ್ಪಿ’ಯ ಅಣಕು ಶವಯಾತ್ರೆ ಮಾಡಿ ಮುಗಿಸಿದ್ದರು. ಇನ್ನು 2010ರಲ್ಲಿ ನಗರದ ಮತದಾರರು ಬೆಳಿಗ್ಗೆ ಏಳರಿಂದ ರಾತ್ರಿ ಹನ್ನೊಂದರವರೆಗೆ ಪಾದಚಾರಿ ಹಾದಿಯ ಮೇಲೆ ಕೂರುವುದನ್ನೂ ಮಲಗುವುದನ್ನೂ ನಿಷೇಧಿಸಿದರು. ಆ ಕೂಗು ಮುಖ್ಯವಾಗಿ ಎದ್ದದ್ದು ಇದೇ ಹೇಟ್ ಬೀದಿಯಿಂದ. ‘ಹೂವಿನ ಮಕ್ಕಳು’ ಎನಿಸಿಕೊಂಡ ಆ ಹಿಪ್ಪಿಗಳ ಚಿತ್ರವನ್ನು ಕಿಟಕಿಗೆ ತೂಗುಹಾಕಿದ ಅಂಗಡಿಯ ಮುಂದೆ ಇಂದಿನ ಹುಡುಗನೊಬ್ಬ ಗಿಟಾರ್ ಹಿಡಿದು ಕೂತರೆ ಪೊಲೀಸರು ಎಬ್ಬಿಸಬಹುದು. ಈ ವಿಪರ್ಯಾಸಕ್ಕೆ ನಾನಂತೂ ಕೊನೆಯವರೆಗೆ ಒಗ್ಗಿಕೊಳ್ಳಲಿಲ್ಲ.

ಹೊಸ ಬಾಡಿಗೆದಾರ:
ಇಬ್ಬರಿಗೂ ಧನ್ಯವಾದಗಳು. ವಿಚಾರಿಸಿದೆ: ಕಟ್ಟಡ ನೂರು ವರ್ಷಕ್ಕೂ ಹಳೆಯದು, ಮೂರು ಮನೆಗಳೂ ಒಬ್ಬರದೇ ಹೆಸರಿನಲ್ಲಿವೆ, ಕಾಂಡೊ ಅಲ್ಲ. ಕೆಳಮನೆಯಲ್ಲಿರುವವರು ಎಷ್ಟು ವರ್ಷದಿಂದ ಇದ್ದಾರೆಂದು ಕೇಳಿದಾಗ ಮಾಲೀಕರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನನಗಿಂತ ಮುಂಚಿನಿಂದ’ ಎಂದರು. ಶನಿವಾರ ಸಹಿ ಮಾಡುತ್ತಿದ್ದೇವೆ. ಜುಲೈನಲ್ಲಿ ಸ್ವೆಟರ್ ಯಾತಕ್ಕೆ ಎಂದು ಅಪ್ಪ ಎರಡು ಬಾರಿ ಫೋನ್ ಮಾಡಿ ಕೇಳಿದ್ದಾರೆ.