ಉ: "ಬಾರ್ನ್ ಎಗ್ಸ್"ಗೆ ಜರ್ಮನ್ ಪದ ಬೇಕು, ಬೋರ್ಡು ನಾಳೆ ಪ್ರಿಂಟಿಗೆ

ಮೇಡಂ, ಇಂಗ್ಲಿಷ್ ದಂಪತಿಯ ಅಂಗಡಿಯ ಬೋರ್ಡಿನಲ್ಲಿರುವ ಇಂಗ್ಲಿಷ್ ಪದಗಳಿಗೆ ಜರ್ಮನ್ ಪದಗಳು ನಾಳೆ ಬೆಳಿಗ್ಗೆಯೊಳಗೆ ಬೇಕು ಅಂದಿದ್ದೀರಿ. ಹಾಗಾಗಿ ಮೊದಲು ಪದಗಳು, ಜಗಳ ಆಮೇಲೆ.

ಬಾರ್ನ್ ಎಗ್ಸ್‌ಗೆ, ಅಂದರೆ ಪಂಜರದಲ್ಲಿಡದೆ ಕಟ್ಟಡದೊಳಗೆ ನೆಲದ ಮೇಲೆ ಸಾಕಿದ ಕೋಳಿಯ ಮೊಟ್ಟೆಗೆ, "ಬೋಡನ್‌ಹಾಲ್ಟುಂಗ್" ಹಾಕಿ. ನಿನ್ನೆ ಇಲ್ಲಿ ಒಬ್ಬರು "ಷಾಯ್ನೆ" (ಕಣಜ) ಸೇರಿಸಿ ಹೊಸ ಪದ ಕಟ್ಟಿಕೊಟ್ಟಿದ್ದಾರೆ. ಬಾರ್ನ್ ಅಂದರೆ ಹಳೇ ಇಂಗ್ಲಿಷಿನಲ್ಲಿ ಬಾರ್ಲಿ ಇಡುವ ಮನೆ, ಆದ್ದರಿಂದ ಕಣಜದ ಅರ್ಥವೇ ಬರಬೇಕು ಅನ್ನುವುದು ಅವರ ವಾದ. ಅವರು ಹೇಳಿದ ಮೂಲ ಸರಿ, ತೀರ್ಮಾನ ತಪ್ಪು. ಮೊಟ್ಟೆ ಕೊಳ್ಳಲು ಬಂದವರಿಗೆ ಸಾವಿರ ವರ್ಷದ ಹಿಂದಿನ ಬಾರ್ಲಿ ಯಾಕೆ? ಷಾಯ್ನೆಯಲ್ಲಿ ಇರುವುದು ಹುಲ್ಲು, ಧಾನ್ಯ, ಗಾಡಿ. ಪ್ರಾಣಿ ಇರುವುದು "ಷ್ಟಾಲ್"ನಲ್ಲಿ, ಅಂದರೆ ಕೊಟ್ಟಿಗೆಯಲ್ಲಿ. ಇಂಗ್ಲಿಷಿನವರು ಎರಡಕ್ಕೂ ಬಾರ್ನ್ ಅಂದುಬಿಡುತ್ತಾರೆ. ಇನ್ನು ಮೊಟ್ಟೆಯ ವಿಷಯಕ್ಕೆ ಬಂದರೆ ಜರ್ಮನ್ನರು ಕಟ್ಟಡದ ಹೆಸರನ್ನೇ ಎತ್ತುವುದಿಲ್ಲ. ಕೋಳಿ ಪಂಜರದಲ್ಲಿದೆಯೋ ನೆಲದ ಮೇಲಿದೆಯೋ, ಅಷ್ಟನ್ನೇ ಹೇಳುತ್ತಾರೆ. ಬೋಡನ್ ಅಂದರೆ ನೆಲ, ಹಾಲ್ಟುಂಗ್ ಅಂದರೆ ಸಾಕಣೆ.

ಇದು ಕಾನೂನಿನ ಪದವೂ ಹೌದು. ಜರ್ಮನಿಯಲ್ಲಿ ಮೊಟ್ಟೆಯ ಮೇಲೆ ಒತ್ತಿದ ನಂಬರಿನ ಮೊದಲ ಅಂಕಿ ನೋಡಿ. 0 ಇದ್ದರೆ ಬಿಯೊ (ಆರ್ಗಾನಿಕ್), 1 ಇದ್ದರೆ ಫ್ರೈಲಾಂಡ್ (ಹೊರಗೂ ಬಿಟ್ಟು ಸಾಕಿದ್ದು), 2 ಇದ್ದರೆ ಬೋಡನ್‌ಹಾಲ್ಟುಂಗ್, 3 ಇದ್ದರೆ ಪಂಜರ. 2ರಲ್ಲಿ ಒಂದು ಚದರ ಮೀಟರಿಗೆ ಹೆಚ್ಚೆಂದರೆ 9 ಕೋಳಿ. 1ರಲ್ಲಿ ಅದರ ಜೊತೆಗೆ ಒಂದೊಂದು ಕೋಳಿಗೂ ಹೊರಗೆ 4 ಚದರ ಮೀಟರ್ ಜಾಗ ಇರಬೇಕು. ಬೋರ್ಡಿನಲ್ಲಿ ಒಂದು ಪದ, ಮೊಟ್ಟೆಯ ಮೇಲೆ ಇನ್ನೊಂದು ಅಂಕಿ ಇದ್ದರೆ ಅಂಗಡಿಯವರಿಗೇ ತೊಂದರೆ. ಅವರು ಇಂಗ್ಲಿಷ್ ದಂಪತಿ ಅಂದಿರಲ್ಲ, ಪ್ರಿಂಟಿಗೆ ಕೊಡುವ ಮೊದಲು ಅಂಕಿ ಯಾವುದು ಅಂತ ಒಮ್ಮೆ ಕೇಳಿಬಿಡಿ.

ಆರ್ಗಾನಿಕ್‌ಗೆ "ಬಿಯೊ". "ಓರ್ಗಾನಿಷ್" ಬೇಡವೇ ಬೇಡ. ನಾನೂ ಮೊದಲ ವರ್ಷ ಒಂದು ಪಟ್ಟಿಯಲ್ಲಿ ತರಕಾರಿಗೆ ಓರ್ಗಾನಿಷ್ ಅಂತ ಬರೆದು ಕೊಟ್ಟಿದ್ದೆ, ಪೂರ್ತಿ ಪಟ್ಟಿ ವಾಪಸ್ ಬಂತು. ಆದರೆ ನಿಮ್ಮ ಕೊನೆಯ ಸಾಲಿನಲ್ಲಿ ಆರ್ಗಾನಿಕ್ ಗೊಬ್ಬರ ಇದೆ. ಅಲ್ಲಿ ಓರ್ಗಾನಿಷ್ ಸರಿ. ಬಿಯೊ ಅನ್ನುವುದು ಯುರೋಪಿನ ಕಾನೂನು ಕಾಪಾಡುವ ಪದ. ಸರ್ಟಿಫಿಕೇಟ್ ಇಲ್ಲದ ತರಕಾರಿಗೆ ಅದನ್ನು ಹಾಕುವಂತಿಲ್ಲ.

"ಫಾರ್ಮ್ ಅಂತಲೇ ಇರಲಿ, ಎಲ್ಲರಿಗೂ ಗೊತ್ತು" ಅಂದವರಿಗೆ: ಇಲ್ಲ. ಜರ್ಮನ್ನಿನಲ್ಲಿ ಫಾರ್ಮ್ ಅಂದರೆ ಅಮೆರಿಕದ್ದು, ಆಫ್ರಿಕದ್ದು, ಇಲ್ಲವೇ ಉಷ್ಟ್ರಪಕ್ಷಿ ಸಾಕುವ ಜಾಗ. ಊರಿನ ಪಕ್ಕದ್ದು "ಹೋಫ್". ಅಲ್ಲಿನ ಅಂಗಡಿ "ಹೋಫ್‌ಲಾಡನ್". ಯುರೋಪಿಯನ್ ಒಕ್ಕೂಟದ 2020ರ "ಫಾರ್ಮ್ ಟು ಫೋರ್ಕ್" ಯೋಜನೆಗೂ ಜರ್ಮನ್ ಹೆಸರು "ಫೋಮ್ ಹೋಫ್ ಔಫ್ ಡೆನ್ ಟಿಷ್". ಹೋಫಿನಿಂದ ಮೇಜಿಗೆ ಅಂತ ಅರ್ಥ. ಅಲ್ಲಿ ಫಾರ್ಮೂ ಇಲ್ಲ, ಫೋರ್ಕೂ ಇಲ್ಲ.

ಕಾರ್ನ್ ತಿನ್ನಿಸಿದ ಕೋಳಿ ಅನ್ನುವಲ್ಲಿ "ಮೈಸ್" (ಮೆಕ್ಕೆಜೋಳ) ಹಾಕಿ. "ಕೋರ್ನ್" ಅಂದರೆ ಅಲ್ಲಿ ಧಾನ್ಯ, ಧಾನ್ಯದಿಂದ ಇಳಿಸಿದ ಸಾರಾಯಿಯೂ ಹೌದು.

ಈಗ ಹುಲ್ಲು ಇಡುವ ಮನೆಯ ಗೋಡೆಗೆ ನೀವು ಕೇಳಿದ ಗಾದೆ. "ಬಿಸಿಲಿರುವಾಗ ಹುಲ್ಲು ಒಣಗಿಸು" ಅನ್ನುವ ಇಂಗ್ಲಿಷ್ ಮಾತಿಗೆ ನಿಘಂಟು ಕೊಡುವುದು "ಕಬ್ಬಿಣ ಕಾದಿರುವಾಗಲೇ ಬಡಿ". ಅರ್ಥ ಕೂಡುತ್ತದೆ. ಆದರೆ ಹುಲ್ಲು ಇಡುವ ಮನೆಯ ಗೋಡೆಯ ಮೇಲೆ ಕಮ್ಮಾರನನ್ನು ತಂದು ಕೂರಿಸಿದರೆ ಚೆನ್ನಾಗಿರುತ್ತಾ? ಆ ಗಾದೆಯ ಹಿಂದೆ ನಿಜವಾದ ಭಯ ಇದೆ. ಹುಲ್ಲು ಕೊಯ್ದ ಮೇಲೆ ಕೆಲವು ದಿನ ಮಳೆ ಬರಬಾರದು. ಹಸಿ ಇರುವಾಗಲೇ ಒಳಗೆ ಒಟ್ಟಿದರೆ ಅದು ಒಳಗೊಳಗೇ ಕಾಯುತ್ತದೆ, ಕೊನೆಗೆ ತಾನಾಗಿ ಬೆಂಕಿ ಹತ್ತಿ ಕಟ್ಟಡವೇ ಸುಟ್ಟುಹೋಗಬಹುದು. ನಮ್ಮ "ಗಾಳಿ ಬಂದಾಗ ತೂರಿಕೋ" ಕೂಡ ಕಣದಲ್ಲೇ ಹುಟ್ಟಿದ್ದು. ಕನ್ನಡಕ್ಕಾದರೆ ಒಂದು ನಿಮಿಷದ ಕೆಲಸ. ಜರ್ಮನ್ನಿಗೆ ನನ್ನ ಸಲಹೆ, ಇಂಗ್ಲಿಷ್ ಮಾತನ್ನು ಪದಕ್ಕೆ ಪದ ಇಟ್ಟುಬಿಡಿ. ಗಾದೆಯಂತೆ ಕೇಳಿಸುವುದಿಲ್ಲ, ನಿಜ. ಆದರೆ ಎದುರಿಗೇ ಹುಲ್ಲು ಇರುತ್ತದಲ್ಲ, ಓದಿದವರಿಗೆ ತಿಳಿಯುತ್ತದೆ.

ಹಾರ್ವೆಸ್ಟ್ ಫೆಸ್ಟಿವಲ್‌ಗೆ "ಎರ್ನ್ಟೆದಾಂಕ್‌ಫೆಸ್ಟ್". ಜರ್ಮನಿಯಲ್ಲಿ ಸಾಮಾನ್ಯವಾಗಿ ಅಕ್ಟೋಬರಿನ ಮೊದಲ ಭಾನುವಾರ ಬರುತ್ತದೆ. "ಹೆರ್ಬ್ಸ್ಟ್‌ಫೆಸ್ಟ್" ಅಂದರೆ ಬರೀ ಶರತ್ಕಾಲದ ಹಬ್ಬ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ನನಗೆ ತುಂಬ ಇಷ್ಟದ ಪದ ಇದು. ಹೆರ್ಬ್ಸ್ಟ್ ಮತ್ತು ಹಾರ್ವೆಸ್ಟ್ ಒಂದೇ ಬೇರಿನವು. ಕೀಳು, ಕೊಯ್ಯು ಅನ್ನುವ ಅರ್ಥದ ಬೇರು. ಲ್ಯಾಟಿನ್ನಿನ "ಕಾರ್ಪೆರೆ" ಕೂಡ ಅದರ ನೆಂಟ. ಇಂಗ್ಲಿಷಿನಲ್ಲೂ ಹಿಂದೆ ಹಾರ್ವೆಸ್ಟ್ ಅಂದರೆ ಕಾಲದ ಹೆಸರೇ ಆಗಿತ್ತು. ಆಮೇಲೆ ಫ್ರೆಂಚಿನಿಂದ ಆಟಮ್ ಬಂದು ಕಾಲದ ಹೆಸರಾಯಿತು, ಹಾರ್ವೆಸ್ಟ್ ಕೆಲಸಕ್ಕೆ ಉಳಿಯಿತು. ಜರ್ಮನ್ನಿನಲ್ಲಿ ಹೆರ್ಬ್ಸ್ಟ್ ಕಾಲಕ್ಕೇ ಉಳಿಯಿತು, ಕೆಲಸಕ್ಕೆ ಎರ್ನ್ಟೆ ಇದೆ. ನೀವಿರುವ ಷ್ಟುಟ್‌ಗಾರ್ಟ್ ಕಡೆಯ ದ್ರಾಕ್ಷಿ ತೋಟದವರನ್ನು ಕೇಳಿ ನೋಡಿ. ಅವರು ದ್ರಾಕ್ಷಿ ಕೊಯ್ಲಿಗೆ ಇವತ್ತಿಗೂ ಹೆರ್ಬ್ಸ್ಟ್ ಅನ್ನುತ್ತಾರೆ. ನಮ್ಮ ಸುಗ್ಗಿಯೂ ಹೀಗೇ. ಹಳಗನ್ನಡದಲ್ಲಿ ಸುಗ್ಗಿ ಅಂದರೆ ವಸಂತ, ಈಗ ಕೊಯ್ಲು.

ಇನ್ನು ಜಗಳಕ್ಕೆ ಬಂದರೆ, "ಜರ್ಮನ್ನರನ್ನು ನೋಡಿ ಕಲಿಯಿರಿ, ಎಲ್ಲಕ್ಕೂ ಸ್ವಂತ ಪದ" ಅಂತ ಇಲ್ಲಿ ಮೂರು ದಿನದಿಂದ ಬರೆಯುತ್ತಿರುವ ಹಿರಿಯರಿಗೆ ಒಂದು ಮಾತು. ಸರ್, ಅದು ನಿಜವಲ್ಲ. ಕಾರ್ಟೊಫೆಲ್ (ಆಲೂಗಡ್ಡೆ) ಅನ್ನುವ ಪದ ಇಟಲಿಯಿಂದ ಬಂತು. ಮೈಸ್ ಸ್ಪ್ಯಾನಿಷ್ ದಾರಿಯಲ್ಲಿ ಕೆರಿಬಿಯನ್ನಿನಿಂದ ಬಂತು. ಗಂಜಳಕ್ಕೆ ಅವರು ಹೇಳುವ "ಯಾವ್ಖೆ" ಸ್ಲಾವ್ ಭಾಷೆಗಳದ್ದು. ಟ್ರಾಕ್ಟರಿಗೆ ಉತ್ತರದವರು ತಮ್ಮದೇ "ಟ್ರೆಕರ್" ಅಂದರೆ ಬವೇರಿಯಾದ ರೈತ "ಬುಲ್‌ಡಾಗ್" ಅನ್ನುತ್ತಾನೆ. ಮಾನ್‌ಹೈಮ್‌ನ ಲಾನ್ಜ್ ಕಂಪನಿ 1921ರಲ್ಲಿ ತಂದ ಟ್ರಾಕ್ಟರಿನ ಹೆಸರು ಅದು, ಹೆಸರು ಅಪ್ಪಟ ಇಂಗ್ಲಿಷ್. ಯಾರೂ ಅದನ್ನು ಕಿತ್ತು ಹಾಕಲಿಲ್ಲ. ಅದೇ ರೈತ ಕೊಯ್ದು ಒಕ್ಕುವ ಯಂತ್ರಕ್ಕೆ "ಮೇದ್ರೆಷರ್" ಅನ್ನುತ್ತಾನೆ. ಕೊಯ್ಯುವ ಪದ, ಒಕ್ಕುವ ಪದ ಎರಡೂ ಅವನ ಮನೆಯವೇ. ನಮ್ಮಲ್ಲಿ ಅದು ಕಟಾವು ಮಿಷನ್. ಕಟಾವೂ ಹೊರಗಿನದು, ಮಿಷನ್ನೂ ಹೊರಗಿನದು. ಗದ್ದೆಯಲ್ಲಿ ನಿಂತವರಿಗೆ ಅದು ಕನ್ನಡವೇ. ಅವರ ಬಾಯಿಂದ ಕಿತ್ತುಕೊಳ್ಳುವ ಹಕ್ಕು ನಮಗಿಲ್ಲ.

ಮೇಡಂ, "ಪಿಕ್ ಯುವರ್ ಓನ್" (ನೀವೇ ಕಿತ್ತುಕೊಳ್ಳಿ) ಬಿಟ್ಟುಹೋಗಿತ್ತು. "ತ್ಸುಮ್ ಜೆಲ್ಬ್‌ಸ್ಟ್‌ಫ್ಲ್ಯುಕನ್" ಅಂತ ಹಾಕಿ, ಅದಕ್ಕೆ ಮೊದಲು ಹಣ್ಣಿನ ಹೆಸರು ಬರಲಿ. ಅಲ್ಲಿ ಸ್ಟ್ರಾಬೆರಿ ತೋಟಗಳ ಮುಂದೆ ಇರುವುದು ಅದೇ ಬೋರ್ಡು.